ಆ ಸರ ಯಾರದು?

ಹಬ್ಬ ಹತ್ತಿರ ಬಂತೆಂದರೆ ಸಾಕು, ನಮಗೆಲ್ಲ ಅಟ್ಟದ ನೆನಪಾಗುತ್ತದೆ. ಸ್ಟೂಲ್ ಹಾಕಿಕೊಂಡು, ತಲೆಗೊಂದು ಟವೆಲ್ ಸುತ್ತಿಕೊಂಡು ಮೇಲೆ ನೋಡಿದರೆ ಏನಿರುತ್ತೆ ಅಲ್ಲಿ? ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ತೊಳೆದಿಟ್ಟ ಹಾರ್ಲಿಕ್ಸ್ ಬಾಟಲಿಗಳು, ಮಗ ಇಂಜಿನಿಯರಿಂಗ್ ಸೇರಿದರೂ ಕೊಡಲು ಮನಸ್ಸು ಬಾರದ ಅವನ ಮೂರು ಗಾಲಿ ಸೈಕಲ್ಲು, ಅತ್ತೆಯವರ ತಾಮ್ರದ ಹಂಡೆ, ಯಾವುದೋ ಮದುವೆಯಲ್ಲಿ ಬಂದು ಪ್ಯಾಕೆಟ್ಟೇ ಒಡೆಯದ ಲೆಮನ್ ಸೆಟ್ಟು. ಎಲ್ಲವನ್ನೂ ಕೆಳಗಿಳಿಸಿ, ಧೂಳು ಒರೆಸಿ, ಮುಕ್ಕಾಲು ಪಾಲನ್ನು ಮತ್ತೆ ಅಲ್ಲೇ ಏರಿಸಿ, ಸೊಂಟ ಹಿಡಿದುಕೊಂಡು ಕಾಫಿ ಕುಡಿಯುತ್ತೇವೆ. ಸುಳ್ಳಾ ಹೇಳಿ?

ಬೇಡದ ಸಾಮಾನು ತೆಗೆಯುವುದು ಹೇಗೆ ಎಂದು ಸಲಹೆ ಕೊಡುವವರಿಗೇನೂ ಬರವಿಲ್ಲ. ವರ್ಷವಿಡೀ ಮುಟ್ಟದ್ದನ್ನು ಕೊಟ್ಟುಬಿಡಿ ಅನ್ನುತ್ತಾರೆ. ಹೇಳುವುದು ಸುಲಭ. ಆದರೆ ಮನೆಯಲ್ಲಿ ಜಗಳ ಶುರುವಾಗುವುದು ಬೇರೆಯೇ ಪ್ರಶ್ನೆಯಿಂದ. ಯಾರ ವಸ್ತುವನ್ನು ಯಾರು ಎಸೆಯಬೇಕು? ನೀವು ತವರಿಂದ ತಂದ ಟ್ರಂಕು ಗಂಡನ ಕಣ್ಣಿಗೆ ಗುಜರಿ. ಅವರ ಹಳೇ ಮ್ಯಾಗಜೀನಿನ ಕಟ್ಟು ನಿಮ್ಮ ಕಣ್ಣಿಗೆ ಜಿರಲೆ ಗೂಡು. ಇದೇ ಪ್ರಶ್ನೆಯನ್ನು 1901ರಲ್ಲಿ ಒಬ್ಬ ಗೃಹಿಣಿ ತನ್ನ ಗಂಡನ ಮುಖಕ್ಕೇ ಕೇಳಿದ್ದರು. ಆ ಗಂಡ ಮೋಹನದಾಸ ಕರಮಚಂದ ಗಾಂಧಿ. ಕೇಳಿದವರು ಕಸ್ತೂರಬಾ. ಗಾಂಧೀಜಿಯ ತ್ಯಾಗದ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ತ್ಯಾಗ ನಡೆದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತವರ ಕಡೆಯಿಂದ ಒಮ್ಮೆ ನೋಡೋಣ ಬನ್ನಿ.

ಕಸ್ತೂರಬಾ ಹುಟ್ಟಿದ್ದು 1869ರ ಏಪ್ರಿಲ್‌ನಲ್ಲಿ, ಗುಜರಾತಿನ ಪೋರಬಂದರಿನಲ್ಲಿ. ತಂದೆ ಗೋಕುಲದಾಸ ಮಾಕಂಜಿ ಅನುಕೂಲಸ್ಥ ವ್ಯಾಪಾರಿ. ಗಂಡನಿಗಿಂತ ಆರು ತಿಂಗಳಷ್ಟು ದೊಡ್ಡವರು. ಮದುವೆಯಾದಾಗ ಇಬ್ಬರಿಗೂ ಹದಿಮೂರರ ಆಸುಪಾಸು. ಓದು ಬರಹ ಇರಲಿಲ್ಲ. ಮುಂದೆ ಅಷ್ಟಿಷ್ಟು ಗುಜರಾತಿ ಅಕ್ಷರ ಕಲಿತರು, ಅಷ್ಟೆ. ಮೊದಲ ಮಗು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡಿತು. ಆಮೇಲೆ ಹರಿಲಾಲ, ಮಣಿಲಾಲ, ರಾಮದಾಸ, ದೇವದಾಸ ಎಂದು ನಾಲ್ವರು ಗಂಡುಮಕ್ಕಳು. ಗಂಡ ಬ್ಯಾರಿಸ್ಟರ್ ಓದಲು 1888ರಲ್ಲಿ ಲಂಡನ್ನಿಗೆ ಹೊರಟಾಗ ದುಡ್ಡಿಗೆ ಬಹಳ ಪರದಾಟವಾಯಿತು. ಆಗ ಗಾಂಧೀಜಿಗೆ ಹೊಳೆದ ದಾರಿಗಳಲ್ಲಿ ಒಂದು ಹೆಂಡತಿಯ ಒಡವೆ. ಎರಡು ಮೂರು ಸಾವಿರ ರೂಪಾಯಿ ಬರಬಹುದೆಂದು ಲೆಕ್ಕ ಹಾಕಿದ್ದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಂಡಸರಿಗೆ ತುರ್ತು ಬಂದಾಗ ಮೊದಲು ನೆನಪಾಗುವ ಬ್ಯಾಂಕು ಯಾವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗಂಡ ದಕ್ಷಿಣ ಆಫ್ರಿಕಾದಲ್ಲಿ ವಕೀಲಿಕೆಯಲ್ಲಿ ನೆಲೆ ಕಂಡ ಮೇಲೆ, 1896ರ ಕೊನೆಗೆ ಕಸ್ತೂರಬಾ ಮಕ್ಕಳೊಂದಿಗೆ ಹಡಗು ಹತ್ತಿದರು. ಆಗಿನ ಗಾಂಧಿ ಇನ್ನೂ ತುಂಡು ಪಂಚೆಯ ಗಾಂಧಿ ಅಲ್ಲ, ನೆನಪಿಡಿ. ದೊಡ್ಡ ಮನುಷ್ಯರ ಹಾಗೆ ಕಾಣಿಸಬೇಕೆಂದು ಹೆಂಡತಿಗೆ ಪಾರ್ಸಿ ಶೈಲಿಯಲ್ಲಿ ಸೀರೆ ಉಡಿಸಿದರು. ಬೂಟು, ಕಾಲುಚೀಲ ತೊಡಿಸಿದರು. ಮಕ್ಕಳು ಚಾಕು, ಫೋರ್ಕಿನಲ್ಲಿ ಊಟ ಕಲಿಯಬೇಕಾಯಿತು. ಬೂಟು ಕಾಲು ಒತ್ತುತ್ತಿತ್ತು, ಕಾಲುಚೀಲ ಬೆವರಿ ನಾರುತ್ತಿತ್ತು. ಕೆಲ ಕಾಲದ ನಂತರ ಅವರ ಮನಸ್ಸು ಬದಲಾಯಿತು, ಅದೆಲ್ಲ ಬೇಡವಾಯಿತು. ಆ ಸಾಮಾನು ಮನೆಗೆ ಬಂದಿದ್ದೂ ಯಜಮಾನರ ಇಷ್ಟದಂತೆ, ಹೋಗಿದ್ದೂ ಅವರ ಇಷ್ಟದಂತೆ. ಎರಡು ಸಲವೂ ಹೆಂಡತಿಯನ್ನು ಯಾರೂ ಕೇಳಲಿಲ್ಲ.

ಡರ್ಬನ್ನಿನ ಮನೆ ಧರ್ಮಛತ್ರದ ಹಾಗಿತ್ತು. ಆಫೀಸಿನ ಗುಮಾಸ್ತರು, ಅತಿಥಿಗಳು ಎಲ್ಲ ಅಲ್ಲೇ ವಾಸ. ಕೋಣೆಗಳಿಂದ ನೀರು ಹೊರಹೋಗುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ಪ್ರತಿ ಕೋಣೆಯಲ್ಲೂ ಮೂತ್ರದ ಪಾತ್ರೆ. ಅದನ್ನು ಗಂಡ ಹೆಂಡತಿಯೇ ಎತ್ತಬೇಕು, ಅದೂ ನಗುನಗುತ್ತಾ ಎತ್ತಬೇಕು ಎಂಬುದು ಗಂಡನ ಹಟ. ಒಂದು ದಿನ ಕಸ್ತೂರಬಾ ಅಳುತ್ತಾ ಎತ್ತಿದ್ದಕ್ಕೆ ಗಾಂಧೀಜಿ ಅವರ ಕೈ ಹಿಡಿದೆಳೆದು ಗೇಟಿನವರೆಗೂ ಒಯ್ದು ಹೊರದಬ್ಬಲು ಹೋದರು. ಹೊರಗೆ ಪರದೇಶ, ತಂದೆ ತಾಯಿಯ ಮನೆ ಎಷ್ಟೋ ಸಮುದ್ರದಾಚೆ. ಆ ಮಾತನ್ನು ಕಸ್ತೂರಬಾ ನೆನಪಿಸಿದ ಮೇಲೆ ಗಾಂಧೀಜಿ ನಾಚಿ ಗೇಟು ಮುಚ್ಚಿದರು. ಇದನ್ನೂ ಅವರೇ ಬರೆದುಕೊಂಡಿದ್ದಾರೆ. ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ಈಗ ಸರದ ವಿಷಯ. 1901ರಲ್ಲಿ ಸಂಸಾರ ಭಾರತಕ್ಕೆ ಹಿಂತಿರುಗಲು ನಿರ್ಧರಿಸಿತು. ನೇಟಾಲ್ ಪ್ರಾಂತ್ಯದ ಭಾರತೀಯರು ಊರೂರಲ್ಲಿ ಬೀಳ್ಕೊಡುಗೆ ಮಾಡಿದರು. ಚಿನ್ನದ ಗಡಿಯಾರ, ಚಿನ್ನದ ಸರಪಳಿ, ವಜ್ರದ ಉಂಗುರ, ಬೆಳ್ಳಿ ಸಾಮಾನು ಎಂದು ಉಡುಗೊರೆಗಳ ರಾಶಿಯೇ ಬಂತು. ಅದರಲ್ಲಿ ಒಂದು ಮಾತ್ರ ನೇರವಾಗಿ ಕಸ್ತೂರಬಾಗೆ ಕೊಟ್ಟದ್ದು. 50 ಗಿನಿ ಬೆಲೆಯ ಚಿನ್ನದ ಸರ. ಅಂದಿನ ವಿನಿಮಯದಲ್ಲಿ ಹೆಚ್ಚು ಕಡಿಮೆ 780 ರೂಪಾಯಿ.

ಗಾಂಧೀಜಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸೇವೆಗೆ ಪ್ರತಿಫಲ ತೆಗೆದುಕೊಳ್ಳುವುದು ಸರಿಯೇ? ಒಡವೆಯ ವ್ಯಾಮೋಹ ಬಿಡಿ ಎಂದು ಊರಿಗೆಲ್ಲ ಹೇಳುವವನು ಇದನ್ನು ಹೇಗೆ ಇಟ್ಟುಕೊಳ್ಳುವುದು? ಕೋಣೆಯಲ್ಲಿ ಅತ್ತಿಂದಿತ್ತ ನಡೆದೂ ನಡೆದೂ ಕೊನೆಗೆ ಎಲ್ಲವನ್ನೂ ಸಮುದಾಯದ ಹೆಸರಿಗೆ ಟ್ರಸ್ಟ್ ಮಾಡಿ ಕೊಟ್ಟುಬಿಡುವುದೆಂದು ನಿಶ್ಚಯಿಸಿದರು. ಪಾರ್ಸಿ ರುಸ್ತುಂಜಿ ಮುಂತಾದವರನ್ನು ಟ್ರಸ್ಟಿಗಳನ್ನಾಗಿ ಹೆಸರಿಸಿ ಕಾಗದವನ್ನೂ ಬರೆದರು. ಇಷ್ಟಾಗುವವರೆಗೆ ಹೆಂಡತಿಯ ಜೊತೆ ಒಂದು ಮಾತಿಲ್ಲ!

ಬೆಳಗ್ಗೆ ಮೊದಲು ಮಾತಾಡಿದ್ದು ಮಕ್ಕಳ ಹತ್ತಿರ. ಒಡವೆ ಹಾಕಿಕೊಳ್ಳದ ಗಂಡುಹುಡುಗರು, ಒಪ್ಪದೆ ಇರುತ್ತಾರೆಯೇ? ಅಮ್ಮನನ್ನು ನಾವೇ ಒಪ್ಪಿಸುತ್ತೇವೆ ಎಂದು ಅಪ್ಪನ ಪಕ್ಷ ಸೇರಿದರು. ಮೂರ್ನಾಲ್ಕು ಜನ ಒಂದಾಗಿ ಒಬ್ಬ ಹೆಂಗಸಿನ ಮುಂದೆ ನಿಂತ ಮೇಲೆ ನಡೆದದ್ದು ನಿಜವಾದ ಜಗಳ. ಕಸ್ತೂರಬಾ ಕಣ್ಣೀರು ಹಾಕಿದರು ನಿಜ, ಆದರೆ ಅವರ ವಾದ ಎಷ್ಟು ಗಟ್ಟಿಯಾಗಿತ್ತು ನೋಡಿ. ನಿಮಗೂ ಮಕ್ಕಳಿಗೂ ಬೇಡದಿರಬಹುದು, ನನ್ನನ್ನು ಹಾಕಿಕೊಳ್ಳಬೇಡ ಎಂದರೂ ಸರಿ, ನಾಳೆ ಬರುವ ಸೊಸೆಯಂದಿರಿಗೇನು ಕೊಡುವುದು ಎಂದು ಕೇಳಿದರು. ಪ್ರೀತಿಯಿಂದ ಕೊಟ್ಟದ್ದನ್ನು ಹಿಂದಿರುಗಿಸುವುದು ತನ್ನಿಂದಾಗದು ಎಂದರು. ಸೊಸೆಯರಿಗೆ ಬೇಕಾದರೆ ಆಗ ಮಾಡಿಸೋಣ ಎಂದು ಗಂಡ ಸಮಾಧಾನ ಹೇಳಿದಾಗ, ತನ್ನ ಒಡವೆಗಳನ್ನೇ ಕಸಿದುಕೊಂಡವರು, ಮಕ್ಕಳನ್ನು ಈಗಲೇ ಸಾಧುಗಳನ್ನಾಗಿ ಮಾಡಹೊರಟವರು ಸೊಸೆಗೆ ಮಾಡಿಸುತ್ತಾರೆಯೇ ಎಂದು ತಿವಿದರು. ಆಮೇಲೆ ಬಂತು ಆ ಪ್ರಶ್ನೆ. ನನ್ನ ಸರದ ಮೇಲೆ ನಿಮಗೇನು ಹಕ್ಕು?

ಅದು ನಿನ್ನ ಸೇವೆಗೆ ಬಂದದ್ದೋ ನನ್ನ ಸೇವೆಗೋ ಎಂದು ವಕೀಲರು ಮರುಪ್ರಶ್ನೆ ಹಾಕಿದರು. ಕಸ್ತೂರಬಾ ತಡವರಿಸಲಿಲ್ಲ. ನಿಮ್ಮ ಸೇವೆ ನಡೆದದ್ದು ನನ್ನ ದುಡಿಮೆಯಿಂದ, ಹಗಲೂ ರಾತ್ರಿ ದುಡಿದಿದ್ದೇನೆ, ಕಂಡಕಂಡವರನ್ನು ಮನೆಗೆ ತಂದು ನನ್ನ ತಲೆಗೆ ಕಟ್ಟಿದಿರಿ, ಅತ್ತುಕೊಂಡು ಅವರ ಚಾಕರಿ ಮಾಡಿದೆ, ಅದು ಸೇವೆಯಲ್ಲವೇ ಎಂದು ಕೇಳಿದರು. ಮೂತ್ರದ ಪಾತ್ರೆ ಎತ್ತಿದ ಕೈ ಅದು. ಮನೆಗೆಲಸಕ್ಕೂ ಲೆಕ್ಕವಿದೆ ಎಂದು ಅಕ್ಷರ ಬಾರದ ಹೆಂಗಸು ಆ ಕಾಲದಲ್ಲಿ ವಾದಿಸಿದ್ದನ್ನು ಓದಿದಾಗಲೆಲ್ಲ ನನಗೆ ಎದ್ದು ನಿಂತು ಚಪ್ಪಾಳೆ ತಟ್ಟೋಣ ಅನಿಸುತ್ತದೆ. ಆ ಮಾತುಗಳು ತಮಗೆ ನಾಟಿದವೆಂದು ಗಾಂಧೀಜಿ ಒಪ್ಪಿದ್ದಾರೆ. ಆದರೂ ಹಟ ಬಿಡಲಿಲ್ಲ. ಹೇಗೋ ಒಪ್ಪಿಗೆ ಹಿಂಡಿ ತೆಗೆದರು. ಸರವೂ ಸೇರಿದಂತೆ ಎಲ್ಲ ಉಡುಗೊರೆ ಬ್ಯಾಂಕಿನ ಪಾಲಾಯಿತು, ಟ್ರಸ್ಟ್ ಸಮುದಾಯದ ಕೆಲಸಕ್ಕೆ ಬಂತು. ಮುಂದೆ ಬಾ ಕೂಡ ಅದು ಸರಿಯೆಂದು ಮನಗಂಡರು ಎಂದು ಗಾಂಧೀಜಿ ಬರೆಯುತ್ತಾರೆ. ಅದು ಗಾಂಧೀಜಿಯ ಮಾತು, ಬಾ ಅವರದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಮಾಡಿದ ಆತ್ಮಕಥೆಯ ಕನ್ನಡ ಅನುವಾದ ನಿಮ್ಮ ಮನೆಯ ಕಪಾಟಿನಲ್ಲಿದ್ದರೆ ಈ ಭಾಗವನ್ನು ತೆಗೆದು ಓದಿ. ಅದನ್ನು ಮಾತ್ರ ಗುಜರಿಗೆ ಹಾಕಬೇಡಿ!

ಚಿನ್ನ ಬಿಟ್ಟದ್ದು ದೊಡ್ಡ ಗುಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಗಡಿಯಾರ, ಉಂಗುರ ಬಿಡುವುದು ಒಂದು, ಹೆಂಡತಿಯ ಸರ ಬಿಡಿಸುವುದು ಇನ್ನೊಂದು. ನೀವು ಮನೆ ಖಾಲಿ ಮಾಡಲು ಹೊರಟಾಗ ಇದನ್ನು ತಿರುಗಿಸಿಯೂ ನೋಡಿಕೊಳ್ಳಿ. ಅತ್ತೆ ಊರಿಗೆ ಹೋದಾಗ ಅವರ ಹಂಡೆಯನ್ನು ತೂಕಕ್ಕೆ ಹಾಕುವುದು, ಮಗಳು ಕಾಲೇಜಿಗೆ ಹೋದಾಗ ಅವಳ ಗೊಂಬೆಯನ್ನು ಕೆಲಸದವಳ ಮಗುವಿಗೆ ಕೊಡುವುದು ನಾವೂ ಮಾಡುವ ಕೆಲಸವೇ. ಮಕ್ಕಳನ್ನು ಒಳಗೆ ಹಾಕಿಕೊಂಡು ಅಜ್ಜಿಯನ್ನು ಒಪ್ಪಿಸುವುದಂತೂ ಹಳೇ ತಂತ್ರ. ಬೇಡ. ವಸ್ತು ಕೆಳಗಿಳಿಸುವ ಮೊದಲೇ ಕೇಳಿ. ಇಲ್ಲ ಎಂದರೆ ಇವತ್ತಿಗೆ ಇಲ್ಲ ಅಂತಲೇ ಅರ್ಥ. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಬಹುದು. ನಿಮ್ಮದೇ ಸಾಮಾನಿನಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು, ಉಳಿದವರ ಕೈ ತಾನಾಗಿ ಸಡಿಲವಾಗುತ್ತೆ.

ಸೊಸೆಗೆ ಎಂದು ಕೂಡಿಡುವುದಿದೆಯಲ್ಲ, ಅದರ ಬಗ್ಗೆಯೂ ಒಂದು ಮಾತು. ಬಾ ಮನಸ್ಸಿನಲ್ಲಿದ್ದದ್ದೂ ಅದೇ. ನಮ್ಮ ಅಟ್ಟಗಳಲ್ಲಿ ಅರ್ಧ ತುಂಬಿರುವುದು ಮಗಳ ಮದುವೆಗೆ, ಮಗನ ಸಂಸಾರಕ್ಕೆ ಎಂದು ಕಟ್ಟಿಟ್ಟ ಸ್ಟೀಲ್ ಪಾತ್ರೆ, ಹಾಸಿಗೆ ಹೊದಿಕೆಗಳೇ. ಚಿನ್ನವಾದರೆ ಕೆಡುವುದಿಲ್ಲ, ರೇಷ್ಮೆ ಸೀರೆ ಮಡಿಕೆಯಲ್ಲೇ ಹರಿಯುತ್ತೆ, ಕುಕ್ಕರಿನ ರಬ್ಬರು ಒಣಗಿಹೋಗುತ್ತೆ. ಮಗಳಿಗೆ ಇಪ್ಪತ್ತೈದಾಗಿದೆ ತಾನೇ, ಕರೆದು ಕೇಳಿಬಿಡಿ, ಬೇಕೋ ಬೇಡವೋ ಎಂದು. ಬೇಕೆಂದದ್ದನ್ನು ಈಗಲೇ ಕೊಡಿ, ನೀವು ಇರುವಾಗಲೇ ಅವಳು ಬಳಸುವುದನ್ನು ನೋಡಬಹುದು. ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳನ್ನು ಮಾತ್ರ ಕೂಗಬೇಡಿ ಮತ್ತೆ! ಸೀರೆಯ ಗಂಟು ಹೋಗಿ ಇನ್ನೊಂದು ಬೇಸಿನ್ನು ಅಟ್ಟಕ್ಕೆ ಬರುತ್ತದೆ, ಅಷ್ಟೆ.

ಮತ್ತೆ ಬಾ ಕಥೆಗೆ ಬರೋಣ. ಮುಂಬಯಿಗೆ ಬಂದು ಗಾಂಧೀಜಿ ಸಂಸಾರದ ಭದ್ರತೆಗೆಂದು 10,000 ರೂಪಾಯಿಯ ಜೀವವಿಮೆ ಮಾಡಿಸಿದರು. ಮತ್ತೆ ಆಫ್ರಿಕಾಕ್ಕೆ ಹೋದ ಮೇಲೆ ಅದರ ಕಂತು ಕಟ್ಟುವುದನ್ನೂ ನಿಲ್ಲಿಸಿದರು. 1904ರಲ್ಲಿ ಡರ್ಬನ್ ಹತ್ತಿರ ಫೀನಿಕ್ಸ್ ಎಂಬಲ್ಲಿ ಹೊಲ ಕೊಂಡು ಆಶ್ರಮದ ಬದುಕು ಆರಂಭಿಸಿದರು. ಬಾ ಕೂಡ ಜೋಹಾನ್ಸ್‌ಬರ್ಗಿನ ಮನೆ ಬಿಟ್ಟು ಅಲ್ಲಿಗೆ ಬಂದರು. ಒಂದೊಂದು ಮನೆ ಬದಲಿಸಿದಾಗಲೂ ಮನೆಯ ಸಾಮಾನು ಕಡಿಮೆಯಾಗುತ್ತಾ ಹೋಯಿತು. ಹೀಗೆ ಬೇರೆಯವರ ನಿರ್ಧಾರಕ್ಕೆ ತಲೆಬಾಗುತ್ತಾ ಬಂದ ಹೆಂಗಸು 1913ರಲ್ಲಿ ಒಂದು ದೊಡ್ಡ ನಿರ್ಧಾರ ಕೈಗೊಂಡರು. ಕ್ರೈಸ್ತ ಪದ್ಧತಿಯಂತೆ ನಡೆಯದ ಮದುವೆ ಮದುವೆಯೇ ಅಲ್ಲ ಎಂಬ ಅರ್ಥ ಬರುವಂತೆ ಅಲ್ಲಿನ ಕೋರ್ಟು ತೀರ್ಪು ಕೊಟ್ಟಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವರು ಕಾನೂನಿನ ಪ್ರಕಾರ ಹೆಂಡತಿಯಲ್ಲ ಎಂದಾಯಿತು! ಬಾ ಸತ್ಯಾಗ್ರಹಕ್ಕೆ ಇಳಿದರು, ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. ಚಿನ್ನದ ಸರ ಹೋದಾಗ ಅತ್ತವರು ಮನೆಯ ಸುಖವನ್ನೇ ಬಿಟ್ಟು ಜೈಲಿಗೆ ಹೋಗುವಾಗ ಅಳಲಿಲ್ಲ.

ಅವರನ್ನು ಎಲ್ಲರೂ ಬಾ ಎಂದು ಕರೆಯತೊಡಗಿದ್ದರು. ಗುಜರಾತಿಯಲ್ಲಿ ಹಾಗೆಂದರೆ ಅಮ್ಮ. 1915ರಲ್ಲಿ ಊರಿಗೆ ಮರಳಿ ಅಹಮದಾಬಾದಿನಲ್ಲಿ ಆಶ್ರಮ ಕಟ್ಟಿದಾಗ ಅಪರಿಗ್ರಹ, ಅಂದರೆ ಅಗತ್ಯಕ್ಕಿಂತ ಹೆಚ್ಚು ಇಟ್ಟುಕೊಳ್ಳದಿರುವುದು, ಅಲ್ಲಿನ ವ್ರತಗಳಲ್ಲಿ ಒಂದಾಯಿತು. ಎರಡು ವರ್ಷದ ಮೇಲೆ ಬಿಹಾರದ ಚಂಪಾರಣಕ್ಕೆ ಹೋದರು. ಅಲ್ಲಿನ ಭಿತಿಹರವಾ ಹತ್ತಿರದ ಒಂದು ಪುಟ್ಟ ಹಳ್ಳಿಯಲ್ಲಿ ಹೆಂಗಸರ ಬಟ್ಟೆ ತೀರಾ ಕೊಳೆಯಾಗಿತ್ತು. ಯಾಕೆ ಒಗೆಯುವುದಿಲ್ಲ ಎಂದು ಕೇಳಿ ನೋಡುವಂತೆ ಗಾಂಧೀಜಿ ಬಾಗೆ ಹೇಳಿದರು. ಒಬ್ಬಾಕೆ ಬಾರನ್ನು ಗುಡಿಸಲ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಪೆಟ್ಟಿಗೆಯಿಲ್ಲ, ಕಪಾಟಿಲ್ಲ. ಇದ್ದದ್ದು ಮೈಮೇಲಿನ ಒಂದೇ ಸೀರೆ. ಅದನ್ನು ಒಗೆಯಲು ಹಾಕಿದರೆ ಉಡುವುದೇನನ್ನು? ಆ ಗುಡಿಸಲಿನಲ್ಲಿ ನಿಂತಾಗ ಬಾಗೆ ತಮ್ಮ ಹಳೆಯ ಸರ ನೆನಪಾಗಿರಬಹುದೇ? ನನಗಂತೂ ವಾರ್ಡ್‌ರೋಬ್ ತೆಗೆದು ಉಡಲು ಏನೂ ಇಲ್ಲ ಎಂದು ಗೊಣಗುವಾಗ ಆ ಗುಡಿಸಲು ನೆನಪಾಗುತ್ತದೆ.

ಹಾಗೆಂದು ಬಾ ಪೂರ್ತಿ ಸನ್ಯಾಸಿನಿ ಆಗಿಬಿಟ್ಟರು ಅಂದುಕೊಳ್ಳಬೇಡಿ. ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಡುವ ನಮ್ಮ ಹಾಗೆ ಅವರೂ ಇದ್ದರು. ಬೇರೆ ಬೇರೆಯವರು ಕೈಗಿಟ್ಟಿದ್ದ ನೂರಿನ್ನೂರು ರೂಪಾಯಿಯನ್ನು ಆಶ್ರಮದ ಕಚೇರಿಗೆ ಕೊಡದೆ ತಮ್ಮಲ್ಲೇ ಇಟ್ಟುಕೊಂಡಿದ್ದರು. ಆಶ್ರಮಕ್ಕೆ ಕಳ್ಳರು ನುಗ್ಗಿದಾಗ ಆ ವಿಷಯ ಹೊರಬಿತ್ತು. ಇನ್ನು ಹೀಗೆ ಮಾಡುವುದಿಲ್ಲ ಎಂದರು. ಆಮೇಲೆ ಯಾರೋ ಕೊಟ್ಟ ನಾಲ್ಕು ರೂಪಾಯಿ ಮತ್ತೆ ಅವರ ಬಳಿಯೇ ಉಳಿಯಿತು. 1929ರ ಏಪ್ರಿಲ್‌ನಲ್ಲಿ ಗಾಂಧೀಜಿ ಇದನ್ನು ತಮ್ಮ ನವಜೀವನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ದೇಶಕ್ಕೇ ತಿಳಿಸಿದರು. ತಮ್ಮ ಕಡೆಯವರ ತಪ್ಪನ್ನು ಮುಚ್ಚಿಡಬಾರದು ಎಂಬುದು ಅವರ ನಿಯಮ, ಸರಿ. ಆದರೂ ಅರವತ್ತರ ಹತ್ತಿರದ ಹೆಂಗಸಿನ ನಾಲ್ಕು ರೂಪಾಯಿಯನ್ನು ಪೇಪರಿನಲ್ಲಿ ಹಾಕುವುದೇ? ನನಗೆ ಈಗಲೂ ಇದು ಗಂಟಲಲ್ಲಿ ಇಳಿಯುವುದಿಲ್ಲ. ಆಸ್ತಿಯಿಲ್ಲ, ಸಂಬಳವಿಲ್ಲ, ವಿಮೆಯಿಲ್ಲ, ಒಡವೆಯಿಲ್ಲ. ಕೈಯಲ್ಲಿ ನಾಲ್ಕು ಕಾಸು ಇರಲಿ ಅನ್ನಿಸುವುದು ಎಷ್ಟು ಸಹಜ! ನಮ್ಮ ಮನೆಗಳಲ್ಲೂ ಹಿರಿಯರು ಪ್ಲಾಸ್ಟಿಕ್ ಕವರು, ಹಗ್ಗದ ತುಂಡು, ಖಾಲಿ ಶೀಶೆ ಜೋಪಾನ ಮಾಡುವುದು ಎಷ್ಟೋ ಸಲ ಇದೇ ಭಯಕ್ಕೆ. ಮುಂದಕ್ಕೆ ಬೇಕಾದೀತು, ಕೇಳಿದರೆ ಯಾರೂ ಕೊಡಲಾರರು ಎಂಬ ಭಯ. ಅವರ ಹೆಸರಿನಲ್ಲಿ ಒಂದಿಷ್ಟು ದುಡ್ಡು, ಅವರದ್ದೇ ಬೀಗದ ಕೈ ಇರುವ ಒಂದು ಕಪಾಟು ಕೊಟ್ಟು ನೋಡಿ. ಹಾಸಿಗೆಯ ಕೆಳಗಿನ ಕವರುಗಳು ತಾವಾಗಿಯೇ ಕಡಿಮೆಯಾಗಬಹುದು.

ಬಾಗೂ ಕೊನೆಗೆ ಅಂಥದೊಂದು ಜಾಗ ಸಿಕ್ಕಿತು. 1936ರಲ್ಲಿ ವಾರ್ಧಾ ಬಳಿಯ ಸೇವಾಗ್ರಾಮಕ್ಕೆ ಬಂದಾಗ ಒಂದೇ ಮನೆಯಲ್ಲಿ ಎಲ್ಲರೂ. ಬರುವ ಹೋಗುವ ಗಂಡಸರ ನಡುವೆ ಅವರಿಗೆ ತೀರಾ ಇರುಸುಮುರುಸು. ಆಮೇಲೆ ಅವರಿಗೆಂದೇ ಮಣ್ಣಿನ ಗೋಡೆಯ ಒಂದು ಪುಟ್ಟ ಗುಡಿಸಲು ಎದ್ದಿತು. ಬಾ ಕುಟಿ ಎನ್ನುತ್ತಾರೆ. ಬಾಪು ಕುಟಿಯ ಹತ್ತಿರವೇ ಇದೆ, ಆ ಕಡೆ ಹೋದರೆ ನೋಡಿಕೊಂಡು ಬನ್ನಿ.

ಎಲ್ಲವನ್ನೂ ಬಿಟ್ಟವರು ಏನನ್ನು ಇಟ್ಟುಕೊಂಡರು ಎಂಬುದೂ ಮುಖ್ಯ. ಹಣೆಯ ಕುಂಕುಮ, ಕೈಯ ಗಾಜಿನ ಬಳೆ, ತುಳಸಿಯ ಪೂಜೆ ಬಿಡಲಿಲ್ಲ. ಜೊತೆಗೆ ಬಾಪು ತಮ್ಮ ಕೈಯಾರೆ ನೂತ ನೂಲಿನಿಂದ ನೇಯ್ದ ಸೀರೆಯೊಂದು. ಕೊನೆಗೆ ತನಗೆ ಇದನ್ನೇ ಉಡಿಸಬೇಕು ಎಂದು ಹೇಳಿಟ್ಟಿದ್ದರು. ಲೆಕ್ಕ ಹಾಕಿದರೆ ಎಲ್ಲವೂ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸುತ್ತೆ. ನೀವೂ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಗೊತ್ತು ಮಾಡಿ. ಮಗುವಿನ ಮೊದಲ ಅಂಗಿ, ಅಪ್ಪನ ಕನ್ನಡಕ, ಅಮ್ಮನ ಕೈಬರಹದ ಉಪ್ಪಿನಕಾಯಿ ಅಳತೆಯ ಚೀಟಿ, ಏನು ಬೇಕಾದರೂ ಇರಲಿ, ಯಾಕೆ ಎಂದು ಯಾರೂ ಕೇಳಬಾರದು. ಪೆಟ್ಟಿಗೆ ತುಂಬಿದ ಮೇಲೆ ಹೊಸದು ಬರಬೇಕಾದರೆ ಹಳೆಯದೊಂದನ್ನು ಅವರೇ ಆರಿಸಿ ತೆಗೆಯಲಿ. ಹಂಡೆಯಂಥ ದೊಡ್ಡದಾದರೆ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡು, ಅದರಲ್ಲಿ ಯಾರು ನೀರು ಕಾಯಿಸುತ್ತಿದ್ದರು, ಎಲ್ಲಿಂದ ತಂದರು ಎಂದು ಅತ್ತೆಯವರ ಬಾಯಲ್ಲೇ ಕೇಳಿ ಬರೆದಿಡಿ. ಎಷ್ಟೋ ಸಲ ಕಥೆ ಹೇಳಿ ಮುಗಿಸಿದ ಮೇಲೆ ಅವರೇ, ತಗೊಂಡು ಹೋಗ್ಲಿ ಬಿಡಮ್ಮ, ಅಂದುಬಿಡುತ್ತಾರೆ.

1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಗಾಂಧೀಜಿ ಬಂಧನವಾಯಿತು. ಅವರು ಮಾತಾಡಬೇಕಿದ್ದ ಶಿವಾಜಿ ಪಾರ್ಕಿನ ಸಭೆಗೆ ತಾನು ಹೋಗುತ್ತೇನೆಂದು ಹೊರಟ ಬಾ ಅವರನ್ನೂ ಅಂದೇ ಹಿಡಿದರು. ಪುಣೆಯ ಆಗಾಖಾನ್ ಅರಮನೆಯೇ ಸೆರೆಮನೆ. ಅಮೃತಶಿಲೆ, ದೊಡ್ಡ ದೊಡ್ಡ ಕೋಣೆ, ಸುತ್ತ ಮುಳ್ಳುತಂತಿ. ಅಷ್ಟು ದೊಡ್ಡ ಮನೆಯಲ್ಲಿ ಅವರು ಹಿಂದೆಂದೂ ವಾಸ ಮಾಡಿರಲಿಲ್ಲ. ಅಲ್ಲಿಂದ ಹೊರಗೆ ಬರಲೂ ಇಲ್ಲ. 1944ರ ಫೆಬ್ರವರಿ 22, ಮಹಾಶಿವರಾತ್ರಿಯ ಸಂಜೆ ಗಂಡನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು. 74 ವರ್ಷ. ಹೇಳಿಟ್ಟಿದ್ದ ಆ ಸೀರೆಯನ್ನೇ ಉಡಿಸಿದರು. ಮರುದಿನ ಅರಮನೆಯ ಅಂಗಳದಲ್ಲೇ ಚಿತೆ.

ಅವರ ಹೆಸರಿನಲ್ಲಿ ಒಂದು ನಿಧಿ ಕೂಡಿಸಲು ದೇಶ ಮುಂದಾಯಿತು. 75 ಲಕ್ಷ ರೂಪಾಯಿಯ ಗುರಿ ಇಟ್ಟುಕೊಂಡರೆ ಅದನ್ನೂ ಮೀರಿ ಬಂತು. ಅದು ಹಳ್ಳಿಯ ಹೆಂಗಸರು ಮಕ್ಕಳಿಗಾಗಿ ಎಂದು ಗೊತ್ತುಮಾಡಿದರು. ನಮ್ಮ ಅರಸೀಕೆರೆಯ ಕಸ್ತೂರಬಾ ಗ್ರಾಮ ಆ ಟ್ರಸ್ಟಿನದೇ. 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು, ತಟ್ಟೆ ಹರಾಜಿಗೆ ಬಂದು, ನಮ್ಮ ಬೆಂಗಳೂರಿನ ಉದ್ಯಮಿಯೊಬ್ಬರು 18 ಲಕ್ಷ ಡಾಲರಿಗೆ ಕೊಂಡರು. ಬಾ ಬಿಟ್ಟುಹೋದದ್ದು ಇನ್ನೂ ಕಡಿಮೆ. ಚಿತೆ ಆರಿದ ಮೇಲೆ ಬೂದಿ ಬಗೆದವರಿಗೆ ಅವರ ಕೈಯಲ್ಲಿದ್ದ ಐದು ಗಾಜಿನ ಬಳೆಗಳು ಸಿಕ್ಕವು. ಒಂದೂ ಒಡೆದಿರಲಿಲ್ಲ.